ಅಧ್ಯಕ್ಷರ ಹಣೆ

ನಮ್ಮ ವಸತಿ ನಿಲಯ ರಾಯಾಪುರದಲ್ಲಿದೆ. ಹಳ್ಳಿಗಳಿಂದ ಕಾಲೇಜಿಗೆ ಬರುವ ಹೆಣ್ಣುಮಕ್ಕಳಿಗಾಗಿ, ಸರಕಾರಿ ನೌಕರಿಯಿಂದ ನಿವೃತ್ತರಾದ ಕೆಲವರು ಸೇರಿ ಕಟ್ಟಿದ್ದು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ನಾನೂ ಅದರ ಆಡಳಿತ ಮಂಡಳಿಗೆ ಬಂದೆ. ಮಂಡಳಿಯಲ್ಲಿ ಒಬ್ಬ ಮಹಿಳೆ ಇರಬೇಕೆಂಬ ನಿಯಮವಿತ್ತು. ಆ ಒಬ್ಬ ಮಹಿಳೆ ನಾನು. ಪ್ರತಿ ಸಭೆಯ ಕೊನೆಗೆ ವಂದನಾರ್ಪಣೆ ಮಾಡುವುದು ನನ್ನ ಪಾಲಿನ ಆಡಳಿತ.

ಈ ಸಲದ ಚುನಾವಣೆಯಲ್ಲಿ ಗಂಗಪ್ಪನವರು ಸೋತು ಶಶಿಕುಮಾರರು ಅಧ್ಯಕ್ಷರಾದರು. ಗಂಗಪ್ಪನವರು ಸೋತ ದಿನವೇ ಅಧ್ಯಕ್ಷರ ಕೊಠಡಿಯ ಕೀಲಿ ಒಪ್ಪಿಸಿ, ಹೋಗುವಾಗ ಕಿಟಕಿಯಲ್ಲಿದ್ದ ಕುಂಡಕ್ಕೆ ನೀರು ಹಾಕಿ, ಸಾಮಾನ್ಯ ನಿರ್ದೇಶಕರಾಗಿ ಹಿಂದಿನ ಕುರ್ಚಿಗೆ ಹೋದರು. ಶಶಿಕುಮಾರರೂ ಕೆಟ್ಟವರಲ್ಲ. ಹಿಂದೊಮ್ಮೆ ಹುಡುಗಿಯೊಬ್ಬಳಿಗೆ ಡೆಂಗಿ ಬಂದಾಗ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಒಯ್ದು, ಅವಳ ಅವ್ವ ಬರುವ ತನಕ ಅಲ್ಲಿಯೇ ಕೂತಿದ್ದರು. ಆದರೆ ಅವರಿಗೆ ತಮ್ಮ ಮುಖದ ಮೇಲೆ ಬಹಳ ಅಂತಃಕರಣ.

ಅಧ್ಯಕ್ಷರಾದ ಕೆಲವೇ ದಿನಕ್ಕೆ ಅವರು ಮಂಡಳಿಯ ಸಭೆಗೆ ಲೋಹಿತನನ್ನು ಕರೆಸಿದರು. ಲೋಹಿತ ಹುಬ್ಬಳ್ಳಿಯ ಎಂಜಿನಿಯರು, ನಮ್ಮ ವೆಬ್‌ಸೈಟ್ ನೋಡಿಕೊಳ್ಳುವವನು.

“ಏನಪಾ ಲೋಹಿತ, ನಾ ಅಧ್ಯಕ್ಷ ಆದರೂ ನಮ್ಮ ವೆಬ್‌ಸೈಟಿನ್ಯಾಗ ಇನ್ನೂ ಆ ಗಂಗಪ್ಪನ ಮುಖಾನಽ ಬರಾಕತ್ತೈತಿ? ಎಷ್ಟ ಮಂದಿ ಅದೀರಿ ನೀವು ಅವನ ಕಡೆ?”

“ಸರ್, ನಿಮ್ಮ ಫೋಟೋ ಹಾಕೇನ್ರಿ. ಬೇಕಾದ್ರ ಈ ಅಕ್ಕೋರ ಫೋನಿನ್ಯಾಗ ನೋಡ್ರಿ, ನೀವಽ ಅದೀರಿ. ನಿಮ್ಮ ಫೋನು ಹಳೇ ಪುಟಾ ತನ್ನೊಳಗ ಇಟಗೊಂಡು ಕುಂತೈತ್ರಿ.”

“ನನ್ನ ಫೋನು? ಗಂಗಪ್ಪನ್ನ ಇಟಗೊಂಡೈತಿ? ಅದಕ್ಕ ರಿಚಾರ್ಜ್ ಮಾಡಸಾಂವ ನಾ!”

ಲೋಹಿತ ನನ್ನ ಕಡೆ ನೋಡಿದ. ನಾನು ನನಗೆ ತಿಳಿದಷ್ಟು ಹೇಳಿದೆ. “ಸರ್, ಮನ್ಯಾಗ ಖಡಕ್ ರೊಟ್ಟಿ ಮಾಡಿ ಡಬ್ಬಿ ತುಂಬಿ ಇಡೂದಿಲ್ರಿ? ಹಸಿವಾದಾಗೊಮ್ಮೆ ಒಲಿ ಹಚ್ಚೂದು ಬ್ಯಾಡಂತ. ಫೋನೂ ಹಂಗಽ. ಒಮ್ಮೆ ತಂದ ಪುಟಾ ಡಬ್ಬ್ಯಾಗ ಇಟ್ಟು, ಮತ್ತ ಕೇಳಿದ್ರ ಅದನ್ನಽ ಬಡಸ್ತೈತಿ. ಅದಕ್ಕಽ ಲಗೂ ಬರ್ತೈತಿ.”

“ಹಂಗಾರ ಆ ಡಬ್ಬೀನಽ ಬ್ಯಾಡ,” ಎಂದರು ಅಧ್ಯಕ್ಷರು. “ಯಾರ ಫೋನಿನ್ಯಾಗೂ ಏನೂ ಉಳೀಬಾರ್ದು. ಯಾರು ಯಾವಾಗ ತಗದ್ರೂ ಬಿಸಿ ರೊಟ್ಟಿ ಬರಬೇಕು.”

“ಪುಟಾ ಭಾಳ ಜಡ ಆಗ್ತೈತ್ರಿ ಸರ್.”

“ಆಗವಲ್ದ್ಯಾಕ. ನಮ್ದೇನು ಹಗೂರ ಸಂಸ್ಥಾ?”

ಲೋಹಿತ ಅವರ ಫೋನಿನಿಂದ ಗಂಗಪ್ಪನವರನ್ನು ತೆಗೆದುಹಾಕಿದ. ಅಧ್ಯಕ್ಷರು ಅದೇ ಸಭೆಯಲ್ಲಿ ಇನ್ನೂ ಎರಡು ಸುಧಾರಣೆ ತಂದರು. ಮೊದಲನೆಯದು, ಎಲ್ಲ ಹನ್ನೊಂದು ನಿರ್ದೇಶಕರ ಫೋಟೋಗಳನ್ನೂ ಮೊದಲ ಪುಟದಲ್ಲಿ ಹಾಕುವುದು. ಫೋಟೋಗಳು ಸಿದ್ಧವಾಗಿದ್ದವು. ಗೇಟಿಗೆ ಕಟ್ಟುವ ಫ್ಲೆಕ್ಸಿಗೆಂದು ದುರ್ಗದಬೈಲಿನ ಗುಲಾಬಸಾಬರ ಸ್ಟುಡಿಯೋದಲ್ಲಿ ತೆಗೆಸಿದ್ದವು. ಎತ್ತಿನ ಬಂಡಿಯಷ್ಟು ಅಗಲಕ್ಕೆ ಹಿಗ್ಗಿಸಿದರೂ ಮೀಸೆಯ ಒಂದೊಂದು ಕೂದಲೂ ಎಣಿಸಬಹುದು, ಅಂಥವು. ವೆಬ್‌ಸೈಟಿಗೆ ಅವನ್ನು ಸಣ್ಣ ಮಾಡಬೇಕೆಂದು ಲೋಹಿತ ಹೇಳಿದ. ಆದರೆ ನಮ್ಮ ಮಂಡಳಿಯಲ್ಲಿ ಯಾರ ತಲೆಯೂ ಯಾರ ತಲೆಗಿಂತ ಸಣ್ಣದಾಗಬಾರದೆಂಬ ಪದ್ಧತಿಯಿದೆ. ಅದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮುರಿದೂ ಇಲ್ಲ. ಎಲ್ಲರದೂ ಒಟ್ಟಿಗೆ ಸಣ್ಣ ಮಾಡಬಹುದಲ್ಲ ಎಂದರೆ, ಯಾರದು ಮೊದಲು ಎಂಬ ಪ್ರಶ್ನೆ ಬಂತು. ಹೀಗಾಗಿ ಫ್ಲೆಕ್ಸಿನ ಫೋಟೋಗಳು ಇದ್ದಂತೆಯೇ ಏರಿದವು. ಪುಟದ ಮೂಲೆಯಲ್ಲಿ ಮೊದಲಿನಿಂದಲೂ ಇದ್ದ ಬುದ್ಧನ ಚಿತ್ರ ಮಾತ್ರ ಸಣ್ಣದಾಗಿಯೇ ಉಳಿಯಿತು. ಅವನದೇನೂ ತಕರಾರಿರಲಿಲ್ಲ.

ಎರಡನೆಯ ಸುಧಾರಣೆ, ಎಲ್ಲ ಮುಖಗಳೂ ಬಂದ ಮೇಲೆಯೇ ಅರ್ಜಿ ತುಂಬುವ ಜಾಗ ಕಾಣಿಸಬೇಕು. ನಮ್ಮ ಕಡೆಯ ಸಮಾರಂಭ ನೋಡಿದವರಿಗೆ ಇದು ಹೊಸದಲ್ಲ. ಸ್ವಾಗತ, ಪ್ರಾಸ್ತಾವಿಕ, ಗಣ್ಯರಿಗೆ ಶಾಲು, ಹಾರ, ಎಲ್ಲ ಮುಗಿದು, ಬಹುಮಾನ ತೆಗೆದುಕೊಳ್ಳಬೇಕಾದ ಮಕ್ಕಳು ತೂಕಡಿಸುವ ಹೊತ್ತಿಗೆ ಬಹುಮಾನ.

ಅರ್ಜಿ ಹಾಕುವ ದಿನ ಬಂತು. ವೆಬ್‌ಸೈಟಿನಲ್ಲಿ ಮಾತ್ರ, ಸಂಜೆ ಐದರ ತನಕ, ಮೊದಲು ಬಂದವರಿಗೆ ಮೊದಲ ಆದ್ಯತೆ. ಮಧ್ಯಾಹ್ನ ನಾನು ನಿಲಯದ ಪಡಸಾಲೆಯಲ್ಲಿ ಕೂತಿದ್ದಾಗ ಗೇಟು ಕಾಯುವ ಅಬ್ದುಲಗನಿ ಆಫೀಸಿನ ಫೋನು ಹಿಡಿದು ಬಂದರು.

“ಅಕ್ಕೋರ, ಉಪ್ಪಿನಬೆಟಗೇರಿಯಿಂದ ಒಂದ ಕೂಸು ಮುಂಜಾನಿಂದ ಫೋನ ಮಾಡಾಕತ್ತೈತ್ರಿ. ಸಾಹೇಬರು ‘ಇಡು’ ಅಂದ್ರು. ನನಗ ಇಡಾಕ ಮನಸಾಗವಲ್ದು.”

ನಾನು ಫೋನು ತೆಗೆದುಕೊಂಡೆ.

“ಅಕ್ಕೋರ, ನಾ ಭಾಗ್ಯಾರಿ. ಬಿ.ಎಸ್ಸಿ. ಸೀಟ ಸಿಕ್ಕೈತ್ರಿ. ಹಾಸ್ಟೆಲ್ ಸಿಕ್ಕರ ಕಳಸ್ತೇನಿ, ಇಲ್ಲಾಂದ್ರ ಮನ್ಯಾಗ ಇರು ಅಂದಾನ್ರಿ ಅಪ್ಪಾ. ನಿಮ್ಮ ವೆಬ್‌ಸೈಟ್ ತಗೀವಲ್ದರಿ.”

“ಏನ ಕಾಣಸ್ತೈತೆವ್ವಾ?”

“ಮೊದಲ ಕೂದಲಾ ಬರ್ತಾವ್ರಿ. ಆಮ್ಯಾಲೆ ಒಂದ ಹಣಿ. ಭಾಳ ಹೊತ್ತಾದ ಮ್ಯಾಲೆ ಹುಬ್ಬು. ಅಲ್ಲೇ ನಿಂತಬಿಡ್ತೈತ್ರಿ. ಮತ್ತ ತಗದ್ರ ಮತ್ತ ಕೂದಲಿಂದಽ ಚಾಲೂ. ಅರ್ಜಿ ಎಲ್ಲಿ ಐತ್ರಿ ಅಕ್ಕೋರ, ಮೂಗಿನ ಕೆಳಗೇನ್ರಿ?”

ಅರ್ಜಿ ಹನ್ನೊಂದು ಮೂಗುಗಳ ಕೆಳಗಿತ್ತು. ಅದನ್ನು ಆ ಹುಡುಗಿಗೆ ಹೇಳಲು ನನಗೆ ನಾಚಿಕೆಯಾಯಿತು. ಫೋನು ಹತ್ತಿರವೇ ಇಟ್ಟುಕೊಂಡಿರು ಎಂದು ಹೇಳಿ, ಅಧ್ಯಕ್ಷರ ಕೊಠಡಿಗೆ ಹೋದೆ. ಲೋಹಿತ ಅಲ್ಲಿಯೇ ಇದ್ದ. ನನ್ನನ್ನು ಕಂಡು ಫ್ಯಾನಿನ ಕೆಳಗಿದ್ದ ತನ್ನ ಕುರ್ಚಿ ಬಿಟ್ಟು ಬಾಗಿಲ ಬಳಿಯದಕ್ಕೆ ಹೋದ.

“ನಂಗ ಲಗೂನಽ ಬರಾಕತ್ತೈತಲ್ಲ,” ಎಂದರು ಅಧ್ಯಕ್ಷರು, ವೈಫೈ ಡಬ್ಬಿಗೆ ಮೊಳಕೈ ತಾಗಿಸಿಕೊಂಡು.

ಅವರನ್ನು ಗೇಟಿನ ಬೇವಿನ ಮರದ ತನಕ ಕರೆದೊಯ್ದೆವು. ಲೋಹಿತ ಅವರ ಫೋನಿನ ವೈಫೈ ಬಂದ್ ಮಾಡಿಸಿದ. ಅಲ್ಲಿ ಸಿಗ್ನಲ್ಲು ಹಳ್ಳಿಯಷ್ಟೇ ಬಡವಾಗಿತ್ತು. ಅಧ್ಯಕ್ಷರು ಪುಟ ತೆರೆದರು. ಕೂದಲು ಬಂತು. ಹಣೆ ಬಂತು.

“ಛಲೋ ಬಂದೈತಿ,” ಎಂದರು. ಬಹಳ ಹೊತ್ತು ಕಾದರು. ನೆರಳು ಸರಿದು ಬಿಸಿಲು ಅವರ ನಿಜವಾದ ಹಣೆಯ ಮೇಲೆ ಬಂತು. “ಮುಂದ?”

“ಮುಂದ ಹುಬ್ಬು ಬರ್ತಾವ್ರಿ ಸರ್,” ಎಂದ ಲೋಹಿತ.

“ನೆಟ್‌ವರ್ಕ್ ಸರಿ ಇಲ್ಲ. ಕಂಪನಿಗೆ ಹೇಳ್ರಿ.”

“ಇವತ್ತ ಒಂದ ದಿನಾ ಫೋಟೋ ತಗದ್ರ ಹೆಂಗ್ರಿ?” ಎಂದೆ ನಾನು. “ಹಳ್ಳಿ ಹುಡುಗ್ಯಾರು ಒಳಗ ಬರವಲ್ರು.”

“ಯಾರದು ತಗೀಲಿ ಹೇಳ್ರಿ ಮೇಡಂ? ಮಂಡಳಿ ಒಡೀತೈತಿ. ಒಂದ ಹುಡುಗಿ ಸಲುವಾಗಿ ಸಂಸ್ಥಾ ಒಡೀಲೇನು?”

ಸಂಸ್ಥೆ ಇರುವುದೇ ಹುಡುಗಿಯರ ಸಲುವಾಗಿ ಎಂದು ಎಲ್ಲೋ ಓದಿದ ನೆನಪಿತ್ತು. ಬಹುಶಃ ಫ್ಲೆಕ್ಸಿನಲ್ಲಿ, ಅಧ್ಯಕ್ಷರ ಭುಜದ ಕೆಳಗೆ. ಅದು ವಂದನಾರ್ಪಣೆಯ ಹೊತ್ತಲ್ಲವಾದ್ದರಿಂದ ಸುಮ್ಮನಾದೆ. ಅವರು ಒಳಗೆ ಹೋದರು. ನಾನು ಮರದ ಕೆಳಗೇ ನಿಂತು ಲೋಹಿತನನ್ನು ಕೇಳಿದೆ.

“ತಮ್ಮಾ, ಆ ರೊಟ್ಟಿ ಡಬ್ಬಿ ವಾಪಸ್ ತರಾಕ ಬರ್ತೈತೇನು?”

“ಬರ್ತೈತ್ರಿ. ವರ್ಷಗಟ್ಟಲೇ ಕೆಡದಂಗ ಇಡಬಹುದು. ಆದ್ರ ಅಷ್ಟಕ್ಕಽ ಈ ಹುಡುಗಿಗೆ ಉಪಯೋಗಿಲ್ರಿ. ಆಕಿಗೆ ಮೊದಲನೇ ಸಲಾನಽ ಪೂರಾ ಬರವಲ್ದು.”

“ಆಕೀಗಲ್ಲ. ನಿರ್ದೇಶಕರಿಗೆ. ಅವರವರ ಡಬ್ಬ್ಯಾಗ ಅವರವರ ಮುಖಾ ಕೂತಬಿಟ್ರ, ಆಮ್ಯಾಲೆ ನೀ ಪುಟಾನಽ ಬದಲ ಮಾಡಿದ್ರ, ಅವರಿಗೆ ಕಾಣಸೂದು ಯಾವುದು?”

ಲೋಹಿತ ಚಷ್ಮಾ ತೆಗೆದು ಒರೆಸಿಕೊಂಡ. “ಡಬ್ಬ್ಯಾಗಿಂದಽ ರಿ… ಅಕ್ಕೋರ, ನೀವು ಕಲಸಿದ್ದು ಸಸ್ಯಶಾಸ್ತ್ರನಽ ಖರೇ ಏನ್ರಿ? ಆದ್ರ ಗೊತ್ತಾದ್ರ ನನ್ನ ಕೆಲಸಾ ಹೋಗ್ತೈತ್ರಿ.”

“ಗೊತ್ತಾದ್ರ ನಾ ಹೇಳಿದ್ದಂತ ಹೇಳು. ನನ್ನ ತಗದ್ರ ಅವರಿಗೆ ಬ್ಯಾರೆ ಮಹಿಳೆ ಹುಡಕಬೇಕಾಗ್ತೈತಿ. ಅಷ್ಟ ತ್ರಾಸು ತಗೊಳ್ಳೂ ಮಂದಿ ಅಲ್ಲ ಅವರು.”

ಅವನು ಪಡಸಾಲೆಗೆ ಬಂದು ತನ್ನ ಲ್ಯಾಪ್‌ಟಾಪ್ ತೆರೆದು ಡಬ್ಬಿ ಮತ್ತೆ ಇಟ್ಟ. ನಾನು ಒಬ್ಬೊಬ್ಬ ನಿರ್ದೇಶಕರಿಗೂ ಫೋನು ಮಾಡಿದೆ. “ವೆಬ್‌ಸೈಟಿನ್ಯಾಗ ನಿಮ್ಮ ಫೋಟೋ ಭಾಳ ಛಲೋ ಬಂದೈತ್ರಿ, ನೋಡೀರೇನು?” ಇಷ್ಟೇ. ಪುಣ್ಯಕ್ಕೆ ಎಲ್ಲರ ಮನೆಯಲ್ಲೂ ಒಳ್ಳೆಯ ವೈಫೈ. “ಹೌದಽ? ತಡೀರಿ ತಡೀರಿ… ಹೌದಲ್ಲ!” ಎಂದು ಒಬ್ಬರು. “ನಮ್ಮಾಕಿ ನಂಬೂದಿಲ್ಲ, ತೋರಸ್ತೇನಿ,” ಎಂದು ಇನ್ನೊಬ್ಬರು. ಗಂಗಪ್ಪನವರೊಬ್ಬರೇ ನೋಡಲಿಲ್ಲ. “ನಂದು ತಗದಬಿಡ ತಂಗಿ, ನೋಡಾಕ ಮನ್ಯಾಗ ಕನ್ನಡಿ ಐತಿ. ಹುಡುಗ್ಯಾರ ಅರ್ಜಿ ಬರಾಕತ್ತಾವಿಲ್ಲೋ?” ಎಂದು ಕೇಳಿದರು. ಆ ದಿನ ಅರ್ಜಿಯ ಬಗ್ಗೆ ಕೇಳಿದ ನಿರ್ದೇಶಕರು ಅವರೊಬ್ಬರೇ.

ಅಬ್ದುಲಗನಿಯವರು ಚಹಾ ತಂದಿದ್ದರು. ಅಧ್ಯಕ್ಷರ ಕಪ್ಪು ನಾನೇ ಒಳಗೆ ಒಯ್ದೆ.

“ಸರ್, ಅಲ್ಲಿ ಬಿಸಿಲಾಗ ಪೂರಾ ನೋಡಾಕ ಆಗಲಿಲ್ಲ. ಇಲ್ಲಿ ತಂಪಿನ್ಯಾಗ ಒಮ್ಮೆ ನೋಡ್ರಿ.”

ಅವರು ನೋಡಿದರು. ಮುಚ್ಚಿ ಮತ್ತೊಮ್ಮೆ ತೆರೆದರು. ಎರಡನೆಯ ಸಲ ಕಣ್ಣು ಮಿಟುಕಿಸುವುದರೊಳಗೆ ಗದ್ದದವರೆಗೆ ಬಂದರು. “ನೋಡಿದ್ರಿ? ಸುಮ್ಮನ ಹೆದರಸ್ತೀರಿ. ನೆಟ್‌ವರ್ಕ್ ಸುಧಾರಿಸ್ತು.”

ನಾನು ಕಿಟಕಿಯಿಂದ ಪಡಸಾಲೆಯಲ್ಲಿದ್ದ ಲೋಹಿತನಿಗೆ ತಲೆಯಾಡಿಸಿದೆ. ಅವನು ಹನ್ನೊಂದು ಮುಖಗಳನ್ನೂ ಒಮ್ಮೆಗೇ ಇಳಿಸಿದ, ಆದ್ದರಿಂದ ಯಾರದು ಮೊದಲು ಎಂಬ ಪ್ರಶ್ನೆ ಬರಲಿಲ್ಲ. ಪುಟದಲ್ಲಿ ನಿಲಯದ ಹೆಸರು, ಸಣ್ಣ ಬುದ್ಧ, ಅವನ ಕೆಳಗೆ ಅರ್ಜಿ, ಅಷ್ಟೇ ಉಳಿದವು. ಗೋಡೆ ಗಡಿಯಾರದಲ್ಲಿ ನಾಲ್ಕು ದಾಟಿತ್ತು. ಭಾಗ್ಯಾಳಿಗೆ ಫೋನು ಮಾಡಿದೆ.

“ಈಗ ತಗಿಯವ್ವಾ.”

ಆ ಕಡೆ ಅವಳು ಪುಟ ತೆರೆದಳು. ಆಮೇಲೆ ಕೂಗಿದಳು. “ಅಕ್ಕೋರ, ಹಣಿ ಹೋತ್ರಿ! ಹೆಸರ ಬರಿ ಅಂತ ಕೇಳಾಕತ್ತೈತ್ರಿ! ಯವ್ವಾ, ತಗೀತು ಬಾ!”

“ಬರಿ ಮತ್ತ. ಅವಸರ ಮಾಡಬ್ಯಾಡ, ತಪ್ಪಿಲ್ಲದಂಗ ಬರಿ.”

ಐದು ಹೊಡೆಯುವುದರೊಳಗೆ ಅವಳದೂ ಬಂತು, ಅವಳಂಥ ಬಹಳ ಹುಡುಗಿಯರವೂ ಬಂದವು. ಲೋಹಿತ ಒಂದೊಂದು ಹೆಸರನ್ನೂ ಓದುತ್ತ ಹೋದ. ಅಬ್ದುಲಗನಿಯವರು ಗೇಟಿಗೆ ಹೋಗದೆ ಅಲ್ಲಿಯೇ ನಿಂತು ಕೇಳಿದರು. ಭಾಗ್ಯಾಳ ಹೆಸರು ಬಂದಾಗ, “ಬಂತಲ್ರಿ ನಮ್ಮ ಕೂಸು,” ಎಂದು ತಣ್ಣಗಾಗಿದ್ದ ನನ್ನ ಚಹಾ ತೆಗೆದುಕೊಂಡು ಹೋಗಿ ಬಿಸಿ ಚಹಾ ತಂದುಕೊಟ್ಟರು.

ಪ್ರವೇಶದ ದಿನ ಭಾಗ್ಯಾ ತನ್ನ ಅವ್ವ ಮಾಳವ್ವನ ಜೊತೆ ಬಂದಳು. ಅಧ್ಯಕ್ಷರು ಬಾಗಿಲಲ್ಲಿ ನಿಂತು ಎಲ್ಲರನ್ನೂ ಸ್ವಾಗತಿಸುತ್ತಿದ್ದರು. ಮಾಳವ್ವನ ಕೈಯಲ್ಲಿದ್ದ ಭಾರದ ಟ್ರಂಕು ಕಂಡು, ಬೇಡಬೇಡವೆಂದರೂ ಒಂದು ಹಿಡಿಕೆ ತಾವೇ ಹಿಡಿದರು. ಭಾಗ್ಯಾ ಅವರನ್ನೇ ದಿಟ್ಟಿಸಿ ನೋಡಿ, ತಟ್ಟನೆ ಕೈಮುಗಿದಳು.

“ನಮಸ್ಕಾರ್ರಿ ಅಧ್ಯಕ್ಷರ.”

“ಅರೆ! ನನ್ನ ಗುರ್ತ ಹೆಂಗ ಹಿಡದಿ?”

“ವೆಬ್‌ಸೈಟಿನ್ಯಾಗ ನೋಡಿದ್ದೆರಿ,” ಎಂದಳು. ಅವಳ ದೃಷ್ಟಿ ಹುಬ್ಬಿನ ಮೇಲೆಯೇ ಇತ್ತು. “ಇಡೀ ದಿನಾ ನೋಡಿದ್ದೆರಿ.”

ಅಧ್ಯಕ್ಷರು ಟ್ರಂಕು ಕೆಳಗಿಟ್ಟು ನನ್ನ ಕಡೆ ತಿರುಗಿದರು. “ಕೇಳಿದ್ರೇನು ಜಯಮಾಲಾ ಮೇಡಂ? ಫೋಟೋ ತಗೀರಿ, ತಗೀರಿ ಅಂತಿದ್ರಿ. ಉಪ್ಪಿನಬೆಟಗೇರಿ ಹುಡುಗಿ ನನ್ನ ಗುರ್ತ ಹಿಡೀತು!” ಕಿಸೆಯಿಂದ ಫೋನು ತೆಗೆದು ಪುಟ ತೆರೆದು ಮಾಳವ್ವನ ಮುಖದ ಮುಂದೆ ಹಿಡಿದರು. “ನೋಡ ಬೇ ಯವ್ವಾ, ಹೆಂಗ ಲಗೂ ತಗೀತೈತಿ! ನಾ ಬೆನ್ನಹತ್ತಿ ಮಾಡಸಿದ್ದಿದು.”

ಭಾಗ್ಯಾಳೂ ಬಗ್ಗಿ ನೋಡಿದಳು. “ಮೂಗು ಈಗ ಕಂಡ್ತು,” ಎಂದು ತನ್ನಷ್ಟಕ್ಕೇ ಅಂದುಕೊಂಡಳು.

ಬಾಗಿಲ ಬಳಿ ಕೆಲಸದಲ್ಲಿದ್ದ ಲೋಹಿತ ಲ್ಯಾಪ್‌ಟಾಪಿನೊಳಗೆ ತಲೆ ಹುದುಗಿಸಿದ.

“ಆದ್ರ ಈ ಫೋನು ಹಳೇದಾತು ಮೇಡಂ,” ಎಂದರು ಅಧ್ಯಕ್ಷರು, ಪರದೆಯನ್ನು ಅಂಗಿಗೆ ಒರೆಸುತ್ತ. “ಇಷ್ಟ ಛಲೋ ಫೋಟೋಕ್ಕ ದೊಡ್ಡ ಪರದೆ ಬೇಕು. ಹಬ್ಬಕ್ಕ ಹೊಸಾದು ತಗೋಳಾಂವ ಅದೇನಿ.”

ಲೋಹಿತನ ಬೆರಳುಗಳು ನಿಂತವು. ಹೊಸ ಫೋನಿನ ಡಬ್ಬಿ ಖಾಲಿಯಿರುತ್ತದೆ. ನಾನು ಟ್ರಂಕಿನ ಅಧ್ಯಕ್ಷರು ಬಿಟ್ಟ ಹಿಡಿಕೆ ಹಿಡಿದುಕೊಂಡು ಹೇಳಿದೆ.

“ಯಾಕ್ರಿ ಸರ್ ಹೊಸಾದು? ಇದರಾಗ ನೀವು ಎಷ್ಟ ತರುಣರು ಕಾಣಸ್ತೀರಿ. ಹೊಸಾವು ಎಲ್ಲಾ ಸುಕ್ಕೂ ತೋರಸ್ತಾವಂತ್ರಿ.”

ಅವರು ಫೋನನ್ನು ಒಮ್ಮೆ ನೋಡಿ, ಜೋಪಾನವಾಗಿ ಕಿಸೆಗಿಟ್ಟುಕೊಂಡರು.