ಹುಮನಾಬಾದಿಗೆ ಹೋದ ಖಬರ್

"ಇನ್ನಷ್ಟು ಬಿಗೀರಿ, ಕುತ್ತಿಗಿ ವಾಲಾಕತ್ತದ," ಎಂದು ನಾಗನಾಥ ಹೇಳಿದಾಗ ಇಬ್ಬರು ಗಂಡಸರು ಬಿಳಿ ಪಂಚೆಯನ್ನು ಹೆಣದ ಎದೆಯ ಸುತ್ತ ತಂದು ಗೋಡೆಯ ಗೂಟಕ್ಕೆ ಎಳೆದು ಕಟ್ಟಿದರು. ಮೈ ಸೆಟೆಯುವ ಮೊದಲೇ ಕೂಡಿಸಬೇಕಿತ್ತು. ಕಾಲು ಮಡಚಿ, ಹಣೆಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಬೆರಳು ಮುಚ್ಚಿದರು. ನಾಗನಾಥನ ಮಗಳು ಮಹಾನಂದಾ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಕಾಕಾ ಸತ್ತವನಂತೆ ಕಾಣುತ್ತಿರಲಿಲ್ಲ. ಬಸ್ಸು ತಡವಾಯಿತೆಂದು ಕಾಯುತ್ತ ಕೂತವನಂತೆ ಕಾಣುತ್ತಿದ್ದ.

ಬಸವಕಲ್ಯಾಣದ ಬಸ್ ನಿಲ್ದಾಣದ ಪಕ್ಕ ತಗಡಿನ ಅಂಗಡಿಯಲ್ಲಿ ಪೇಪರ್ ಮಾರುತ್ತ, ಸುತ್ತಲಿನ ಹಳ್ಳಿಗಳಿಗೆ ಸೈಕಲ್ಲಿನ ಮೇಲೆ ಹಂಚುತ್ತ ಮುಪ್ಪಾದವನು ಮಹಾನಂದಾಳ ಈ ಕಾಕಾ, ಮಹಾರುದ್ರಪ್ಪ. ಆ ದಿನ ನಸುಕಿಗೆ ಮುಖ ತೊಳೆಯಲು ಹೋದವನು ಬಚ್ಚಲ ಕಟ್ಟೆಯ ಮೇಲೆ ಕೂತ. ಏಳಲಿಲ್ಲ.

ಪಡಸಾಲೆಯಲ್ಲಿ ಜನ ಸೇರತೊಡಗಿದ್ದರು. ನಿಲ್ದಾಣದೆದುರಿನ ಚಹಾದ ಹೋಟೆಲಿನ ಅಬ್ದುಲ್ ಕರೀಂ ಕಂಬದ ಬುಡದಲ್ಲಿ ಕೂತು ತನ್ನ ಗೆಳೆಯನನ್ನು ದಿಟ್ಟಿಸುತ್ತಿದ್ದ.

"ಐವತ್ತಾರರಾಗ ಇಂವ ಕನ್ನಡ ಪೇಪರ್ ತರಿಸಾಕ ಚಾಲೂ ಮಾಡಿದಾಗ ಮೊದಲ ಗಿರಾಕಿ ನಾನೇ," ಎಂದ ಅವನು ಯಾರಿಗೆಂದಿಲ್ಲದೆ. "ನನಗ ಓದಾಕ ಬರ್ತಿದ್ದಿಲ್ಲ. ಇಂವಗೂ ಪೂರಾ ಬರ್ತಿದ್ದಿಲ್ಲ. ಇಬ್ಬರೂ ಉರ್ದು ಸಾಲಿಯವರು. ಅಕ್ಷರ ಕೂಡಿಸಿ ಕೂಡಿಸಿ ಓದಿ ಮುಗಸೂತನಕ ಮರುದಿನದ್ದು ಬಂದು ಬೀಳ್ತಿತ್ತು."

ಒಂದಿಬ್ಬರು ನಕ್ಕರು. ನಕ್ಕದ್ದಕ್ಕೆ ನಾಚಿ ತಲೆ ತಗ್ಗಿಸಿದರು. ಆಗ ನೆರೆಮನೆಯ ಯಶೋದಾಬಾಯಿ ಮೆಲ್ಲಗೆ ಕೇಳಿದಳು:

"ಸೂಗಮ್ಮಗ ಯಾರು ಹೇಳಾಕ ಹೋಗ್ಯಾರ?"

ಯಾರೂ ಹೋಗಿರಲಿಲ್ಲ. ಸೂಗಮ್ಮ ಮಹಾರುದ್ರಪ್ಪನ ಒಬ್ಬಳೇ ಮಗಳು, ಹುಮನಾಬಾದಿಗೆ ಕೊಟ್ಟಿದ್ದರು. ಅವಳ ಗಂಡ ದುಡಿಯುವ ಧಾನ್ಯದ ಅಡತಿ ಅಂಗಡಿಯಲ್ಲಿ ಫೋನಿತ್ತು, ಆದರೆ ಅಂದು ರವಿವಾರ, ಅಂಗಡಿ ಬಂದ್. ಬೇರೆ ಮನೆಯ ಸಾವಾಗಿದ್ದರೆ ಯಾರೂ ಇಷ್ಟು ಯೋಚಿಸುತ್ತಿರಲಿಲ್ಲ. ಸುತ್ತಲಿನ ಯಾವ ಊರಿಗೆ ಸಾವಿನ ಖಬರ್ ಮುಟ್ಟಿಸಬೇಕಾದರೂ ಹೋಗುತ್ತಿದ್ದವನು ಮಹಾರುದ್ರಪ್ಪನೇ. ಪೇಪರ್ ಹಂಚಲು ಹೇಗೂ ಹೋಗುತ್ತಾನೆ ಎಂದು ಜನ ಅವನ ಅಂಗಡಿಗೆ ಬಂದು ಹೇಳಿಹೋಗುತ್ತಿದ್ದರು.

ನಾಗನಾಥ ಅತ್ತಿತ್ತ ನೋಡಿ ಕೊನೆಗೆ ಮಗಳನ್ನು ನೋಡಿದ.

"ಮಹಾನಂದಾ ಹೋಗ್ಲಿ. ಆಕಿ ಮಾತು ಸೂಗಮ್ಮ ಕೇಳ್ತಾಳ. ಕರೀಂಭಾಯಿ, ನೀವು ಸಂಗಟ ಹೋಗ್ರಿ."

ಬಾಡಿಗೆಗೆ ಹೋಗಿದ್ದ ವಜೀರನ ಜೀಪು ಮಧ್ಯಾಹ್ನ ಮೂರರ ಸುಮಾರಿಗೆ ಓಣಿಯ ತುದಿಗೆ ಬಂದು ನಿಂತಿತು. ಮಹಾನಂದಾ ಹತ್ತಿ ಕೂತಾಗ ಅಪ್ಪ ಜೀಪಿನ ಸರಳು ಹಿಡಿದು ದನಿ ಇಳಿಸಿದ.

"ಸತ್ತಾನ ಅಂತ ಅನಬ್ಯಾಡ. ಆರಾಮಿಲ್ಲ, ಕರಕೊಂಡು ಬಾ ಅಂದಾರ ಅನ್ನು. ಅಷ್ಟ ಸಾಕು. ಹೊತ್ತು ಮುಳುಗೂದ್ರಾಗ ಮಣ್ಣಾಗಬೇಕವ್ವ. ಅಯ್ಯನವರು ಅದರ ಮುಂದ ಕಾಯಂಗಿಲ್ಲ."

*

ಮಹಾನಂದಾ ಗುಲಬರ್ಗಾದಲ್ಲಿ ಪತ್ರಿಕೋದ್ಯಮ ಓದುತ್ತಿದ್ದಳು. ಕೊನೆಯ ವರ್ಷಕ್ಕೆ ಅವಳು ಆರಿಸಿಕೊಂಡ ಕೆಲಸ ಕಲ್ಯಾಣ ತಾಲೂಕಿಗೊಂದು ವಾರಪತ್ರಿಕೆಯ ಯೋಜನೆ. ಎಲ್ಲಿ ಅಚ್ಚು ಹಾಕಿಸುವುದು, ಯಾವ ಬಸ್ಸಿಗೆ ಯಾವ ಹಳ್ಳಿಯ ಕಟ್ಟು ಹಾಕುವುದು, ಯಾರು ಓದುತ್ತಾರೆ, ಏನನ್ನು ಓದುತ್ತಾರೆ. ತನ್ನದೇ ಪತ್ರಿಕೆ ಇಲ್ಲದ ಊರಿನಲ್ಲಿ ಈಗ ಸುದ್ದಿ ಹೇಗೆ ಓಡಾಡುತ್ತದೆ ಎಂಬುದನ್ನು ಮೊದಲು ನೋಡಿಕೊಂಡು ಬಾ ಎಂದು ಮೇಷ್ಟ್ರು ಹೇಳಿದ್ದರು. ಹೋದ ದೀಪಾವಳಿಯ ರಜೆಯನ್ನೆಲ್ಲ ಅವಳು ಕಾಕಾನ ತಗಡಿನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಕಳೆದಿದ್ದಳು.

ಮಧ್ಯಾಹ್ನದ ಬಸ್ಸಿನ ತಲೆಯಿಂದ ಕಟ್ಟು ಬೀಳುತ್ತಿತ್ತು. ಕಾಕಾ ಹಗ್ಗ ಬಿಚ್ಚಿ, ಮಡಚಿ, ಎಣಿಸಿ, ಸೈಕಲ್ಲಿಗೇರಿಸುತ್ತಿದ್ದ. ನಡುನಡುವೆ ಬಂದವರು ಪೇಪರ್ ಕೇಳುತ್ತಿದ್ದುದಕ್ಕಿಂತ ಹೆಚ್ಚಾಗಿ ತೊಗರಿಯ ದರ, ಮೋರಖಂಡಿಯ ಮದುವೆ, ಯಾರ ಎತ್ತು ಕಳೆದಿದೆ ಎಂಬುದನ್ನೇ ಕೇಳುತ್ತಿದ್ದರು. ಅವನು ಎಲ್ಲಕ್ಕೂ ಉತ್ತರ ಕೊಡುತ್ತಿರಲಿಲ್ಲ. ಕೆಲವರನ್ನು ನೋಡಿ ಗೊತ್ತಿದ್ದೂ ಗೊತ್ತಿಲ್ಲ ಎನ್ನುತ್ತಿದ್ದ. ಮಹಾನಂದಾಳಿಗೆ ಅದು ಸರಿ ಕಾಣುತ್ತಿರಲಿಲ್ಲ, ಆದರೆ ಸುಮ್ಮನಿದ್ದಳು.

ಒಂದು ದಿನ ತಾನು ಬಿಡಿಸಿದ ಮೊದಲ ಪುಟದ ನಕ್ಷೆಯನ್ನು ಅವನಿಗೆ ತೋರಿಸಿದಳು. ಎಡಗಡೆ ಪೇಟೆಯ ದರ, ಬಲಗಡೆ ಬಸ್ಸಿನ ವೇಳೆ, ಕೆಳಗೆ ಆ ವಾರ ತೀರಿಹೋದವರ ಹೆಸರು, ಊರು. ಕಾಕಾ ಚಶ್ಮಾ ಏರಿಸಿ ಬಹಳ ಹೊತ್ತು ನೋಡಿದ.

"ಎಲ್ಲಾ ಛಲೋ ಅದ. ಸತ್ತವರದ್ದು ಬ್ಯಾಡ," ಎಂದ.

ಯಾಕೆಂದು ಕೇಳಿದಳು. ಜನ ಅದನ್ನೇ ಮೊದಲು ಓದುತ್ತಾರೆ ಎಂದು ಮೇಷ್ಟ್ರು ಹೇಳಿದ್ದನ್ನೂ ಹೇಳಿದಳು.

"ಓದ್ತಾರ. ಆದ್ರ ಅದು ಯಾರ ಕೈಯಾಗ ಹೋಗಿ ಬೀಳ್ತದ, ಆವಾಗ ಅವರು ಉಂಡಾರೋ ಇಲ್ಲೋ, ಮನ್ಯಾಗ ಹಿಡಕೊಳ್ಳಾಕ ಯಾರರ ಇದ್ದಾರೋ ಇಲ್ಲೋ ಪೇಪರಿಗೆ ಹ್ಯಾಂಗ ಗೊತ್ತಾಗ್ಬೇಕು? ನಾ ಹೋದ್ರ ಮುಖಾ ನೋಡ್ತೀನಿ."

ಆ ಸೀಮೆಯಲ್ಲಿ ಸಾವಿನ ಸುದ್ದಿಯನ್ನು ಸಾವಿನ ಸುದ್ದಿ ಎಂದು ಹೇಳುವ ರೂಢಿ ಇರಲಿಲ್ಲ. ಹತ್ತಿರದವರಿಗೆ 'ಆರಾಮಿಲ್ಲ' ಎನ್ನಬೇಕು. ಮನೆಯ ಉಳಿದವರನ್ನು ಹೊರಗೆ ಕರೆದು ನಿಜ ಹೇಳಬೇಕು. ಎದೆಯೊಡೆಯುವುದೇನಿದ್ದರೂ ಹೆಣದ ಮುಂದೆ, ತಮ್ಮವರ ತೋಳಿನಲ್ಲಿ ಆಗಬೇಕು, ಹಾದಿಯಲ್ಲಿ ಆಗಬಾರದು. ಮಹಾರುದ್ರಪ್ಪ ಸೈಕಲ್ಲಿಳಿದು ಪೇಪರ್ ಕೊಡದೆ ಕಟ್ಟೆಯ ಮೇಲೆ ಕೂತನೆಂದರೆ ಜನ ಅಷ್ಟರಿಂದಲೇ ತಿಳಿದುಕೊಳ್ಳುತ್ತಿದ್ದರು.

ಮಹಾನಂದಾ ಆಗ ಕೇಳಬಾರದ್ದನ್ನು ಕೇಳಿಬಿಟ್ಟಳು. "ಸೂಗಕ್ಕಗ ಹ್ಯಾಂಗ ಹೇಳಿದ್ದಿ ಕಾಕಾ?"

ಅದಕ್ಕೂ ಎರಡು ವರ್ಷದ ಹಿಂದೆ ಸೂಗಮ್ಮನ ಅವ್ವ, ಕಾಕು, ತೀರಿಕೊಂಡಾಗ ಕಾಕಾನೇ ಹುಮನಾಬಾದಿಗೆ ಹೋಗಿದ್ದ. ನಿಮ್ಮವ್ವಗ ಆರಾಮಿಲ್ಲ ಎಂದಿದ್ದ. ಊರ ಮಂದಿಗೆ ಅವನು ಖಬರ್ ತರುವವನು. ಮಗಳಿಗೆ ಬರೀ ಅಪ್ಪ. ಅವಳು ಆ ಮಾತನ್ನು ಇದ್ದ ಹಾಗೆಯೇ ನಂಬಿದಳು. ಅತ್ತೆ ಊರಲ್ಲಿಲ್ಲ, ಗಂಡನೂ ಇಲ್ಲ, ನಾಳೆ ಮುಂಜಾನೆಯ ಬಸ್ಸಿಗೆ ಬರುತ್ತೇನೆ, ಅವ್ವನಿಗೆ ಮೋಸಂಬಿ ತರುತ್ತೇನೆ ಎಂದಳು. ಅವನು ಹೂಂ ಎಂದು ಎದ್ದು ಬಂದ. ಮರುದಿನ ಅವಳು ಮೋಸಂಬಿ ಹಿಡಿದು ಬಂದಾಗ ಕಾಕುವನ್ನು ಹೊಲದಲ್ಲಿ ಮಣ್ಣು ಮಾಡಿಯಾಗಿತ್ತು. ಅಂದು ಹಿಂದಿರುಗಿದವಳು ಪಂಚಮಿಗೂ ತವರಿಗೆ ಬರಲಿಲ್ಲ. ಅಪ್ಪ ಹೋದರೆ ಚಹಾ ಕೊಟ್ಟು ಒಳಗೆ ಹೋಗುತ್ತಿದ್ದಳು. ಮಾತಿಲ್ಲ.

ಕಾಕಾ ನಕ್ಷೆಯನ್ನು ಮಡಚಿ ಅವಳ ಕೈಗೆ ಕೊಟ್ಟ. "ಪೇಪರಿನ್ಯಾಗ ಬಂದಿದ್ರ ಓದಿ ಓಡಿ ಬರ್ತಿದ್ಲು," ಎಂದ. "ನನ್ನ ಬಾಯಿಲೆ ಬರಲಿಲ್ಲ."

ಆಮೇಲೆ ಸೈಕಲ್ ಹತ್ತಿ ರಾಜೇಶ್ವರದ ಕಡೆ ಹೋದ. ಬಿಸಿಲಿತ್ತು. ತಲೆಗೆ ಏನೂ ಸುತ್ತಿಕೊಂಡಿರಲಿಲ್ಲ.

*

ಹುಮನಾಬಾದಿನಲ್ಲಿ ಬಾಗಿಲು ತೆರೆದವಳು ಸೂಗಮ್ಮನೇ. ಕೈಗೆ ಹಿಟ್ಟು ಮೆತ್ತಿತ್ತು. ಮಹಾನಂದಾಳನ್ನು ನೋಡಿ ಮುಖ ಅರಳಿತು. ಅವಳ ಹಿಂದೆ ಕರೀಮನನ್ನು ಕಂಡು ಆ ನಗು ನಿಂತಿತು.

"ಯಾಕ? ಏನಾಯ್ತು?"

"ಕಾಕಾಗ ಆರಾಮಿಲ್ಲಕ್ಕ. ನಿನ್ನ ಕರಕೊಂಡು ಬಾ ಅಂದಾರ."

ಸೂಗಮ್ಮ ಅವಳ ಮುಖವನ್ನೇ ನೋಡಿದಳು. ಇವಳಿಗೆ ತಿಳಿಯುತ್ತದೆ, ತಿಳಿಯಲಿ, ಎಂದು ಮಹಾನಂದಾಳಿಗೆ ಒಂದು ಗಳಿಗೆ ಅನಿಸಿತು. ಆದರೆ ಸೂಗಮ್ಮ ಬೇರೆಯೇ ಏನನ್ನೋ ಹುಡುಕುತ್ತಿದ್ದಳು.

"ಕರಕೊಂಡು ಬಾ ಅಂತ ಅಪ್ಪ ಅಂದ್ನೇನು? ತಾನಾಗಿ?"

ಇಲ್ಲವೆಂದರೆ ಬರುತ್ತಾಳೋ ಇಲ್ಲವೋ. ಮಹಾನಂದಾ ಹೂಂ ಎಂದಳು. ಸಾಲದೆಂದು ಅನಿಸಿ ಮತ್ತೊಂದು ಮಾತು ಸೇರಿಸಿದಳು: "ರಾತ್ರಿಯಿಂದ ನಿನ್ನ ಹೆಸರೇ ತಗೊಂಡು ಕುಂತಾನ."

ಸೂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಮುದುಕಗ ಈಗ ನೆನಪಾತು ನೋಡು," ಎಂದು ಒಳಗೆ ಹೋದವಳು ಒಲೆ ಹೊತ್ತಿಸಿ ಸಜ್ಜಕ ಮಾಡಲು ನಿಂತಳು. ಜಡ್ಡಿನ ಬಾಯಿಗೆ ರುಚಿಯಾಗಿರುತ್ತದೆ, ಯಾಲಕ್ಕಿ ಹಾಕಿದರೆ ಅಪ್ಪ ಎರಡು ಸಲ ಹಾಕಿಸಿಕೊಳ್ಳುತ್ತಾನೆ. ಗೋಧಿ ರವೆ ಹುರಿಯುವ ವಾಸನೆ ಮನೆ ತುಂಬಿತು. ಮಹಾನಂದಾ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಹಿತ್ತಲಿನ ಗೋಡೆಯ ಮೇಲೆ ಬಿಸಿಲು ಏರುತ್ತಿರುವುದನ್ನು ನೋಡಿದಳು.

ಹೊರಗೆ ಕರೀಂ ಸೂಗಮ್ಮನ ಅತ್ತೆ ಕಸ್ತೂರಿಬಾಯಿಯನ್ನು ಜೀಪಿನ ಆಚೆ ಕರೆದೊಯ್ದು ನಿಜ ಹೇಳಿದ್ದ. ಒಳಗೆ ಬಂದ ಆಕೆಯ ಮುಖದಲ್ಲಿ ಏನೂ ಕಾಣಲಿಲ್ಲ. ಸೊಸೆ ಟ್ರಂಕಿನಿಂದ ಹಸಿರು ಇಳಕಲ್ ಸೀರೆ ತೆಗೆದಿದ್ದಳು.

"ಅದು ಬ್ಯಾಡ ತಂಗಿ, ಹಾದಿಯಾಗ ಧೂಳ ಅದ. ಮೈಮ್ಯಾಲಿಂದೇ ಇರಲಿ," ಎಂದು ಕಸ್ತೂರಿಬಾಯಿ ಸೀರೆಯನ್ನು ತಾನೇ ಒಳಗಿಟ್ಟಳು. ಮೊಮ್ಮಗನನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಜಹೀರಾಬಾದಿಗೆ ಹೋದ ಮಗನಿಗೆ ಹೇಳಿ ಕಳಿಸಲು ನೆರೆಯವರಿಗೆ ಒಪ್ಪಿಸಿ ಆಕೆಯೂ ಹೊರಟಳು.

ಜಲ್ದಿ ಎನ್ನಲು ಯಾರಿಗೂ ಬಾಯಿಲ್ಲ. ಎಂದರೆ ಗೊತ್ತಾಗುತ್ತದೆ. ಸೂಗಮ್ಮ ಸಜ್ಜಕಕ್ಕೆ ತುಪ್ಪ ಹಾಕಿ, ಡಬ್ಬಿಗೆ ತುಂಬಿ, ಆರದಂತೆ ಬಟ್ಟೆ ಸುತ್ತಿದಳು. ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡಳು. ಜೀಪು ಹೊರಟಾಗ ನೆರಳುಗಳು ಉದ್ದವಾಗಿದ್ದವು.

*

ರಾಜೇಶ್ವರ ದಾಟಿತು. ಮುಂದಿನ ಸೀಟಿನಲ್ಲಿ ಕರೀಂ ಒಮ್ಮೆಯೂ ಹಿಂದಿರುಗಲಿಲ್ಲ. ವಜೀರ ಬೀಡಿ ಹಚ್ಚದೆ ತುಟಿಯಲ್ಲಿಟ್ಟುಕೊಂಡಿದ್ದ. ಸೂಗಮ್ಮ ಮಾತಾಡುತ್ತಲೇ ಇದ್ದಳು. ಅಪ್ಪನಿಗೆ ಬಿಸಿಲಲ್ಲಿ ತಿರುಗಬೇಡ ಅಂದರೆ ಕೇಳುವುದಿಲ್ಲ, ಸೈಕಲ್ ಮಾರಿಸಬೇಕು, ಈ ಸಲ ಒಂದೆಂಟು ದಿನ ಇದ್ದೇ ಬರುತ್ತೇನೆ ಅತ್ತೀ. ಕಸ್ತೂರಿಬಾಯಿ ಹೂಂ, ಇರು ಎನ್ನುತ್ತಿದ್ದಳು.

ಪ್ರತಿ ಮಾತೂ ತನ್ನ ಸುಳ್ಳಿನ ಮೇಲೆ ಕಟ್ಟಿದ್ದು ಎಂದು ಮಹಾನಂದಾಳಿಗೆ ಗೊತ್ತಿತ್ತು. ಆರಾಮಿಲ್ಲ ಎಂಬುದು ಊರು ಒಪ್ಪಿದ ಮಾತು. ಹೆಸರು ತೆಗೆದುಕೊಂಡು ಕೂತಿದ್ದಾನೆ ಎಂಬುದು ಅವಳದೇ. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಅದು ಒಡೆಯುತ್ತದೆ. ಅಷ್ಟು ಜನರೆದುರು, ಕೈಯಲ್ಲಿ ಡಬ್ಬಿ ಹಿಡಿದುಕೊಂಡು, ಎರಡನೆಯ ಸಲ.

ಬಂಗ್ಲಾ ಕ್ರಾಸಿನ ಹತ್ತಿರ ಜೀಪು ಹೆದ್ದಾರಿ ಬಿಟ್ಟು ಕಲ್ಯಾಣದ ಕಡೆ ತಿರುಗಿತು. ಸೂಗಮ್ಮ ಅವಳ ಕಿವಿಯ ಹತ್ತಿರ ಬಾಗಿದಳು.

"ಮಹಾನಂದಾ, ಹೋದ ಕೂಡ್ಲೇ ನಾನೇ ಮಾತಾಡಸ್ಲೇನ? ಇಲ್ಲಾ ಅಂವಾ ಮಾತಾಡಸೂತನಕ ಕಾಯಲೇನ?"

ಮಹಾನಂದಾ ಡಬ್ಬಿಯನ್ನು ಅವಳ ಮಡಿಲಿನಿಂದ ತೆಗೆದು ಕಾಲ ಬಳಿ ಇಟ್ಟಳು. ಅವಳ ಎರಡೂ ಕೈ ಹಿಡಿದುಕೊಂಡಳು.

"ನೀನೇ ಮಾತಾಡಸಬೇಕಕ್ಕ. ಕಾಕಾ ಮಾತಾಡಂಗಿಲ್ಲ. ಮುಂಜಾನಿ ಸತ್ತ. ನಿನ್ನ ಕರಿ ಅಂತ ಅಂದಿದ್ದಿಲ್ಲ, ಅನ್ನಾಕ ಟೈಮೇ ಆಗಲಿಲ್ಲ. ಅದು ನಾ ಅಂದದ್ದು."

ಕರೀಂ ಗಕ್ಕನೆ ತಿರುಗಿದ. ಕಸ್ತೂರಿಬಾಯಿ ಸೊಸೆಯ ಬೆನ್ನಿಗೆ ತೋಳು ಕೊಟ್ಟಳು. ಸೂಗಮ್ಮ ಅಳಲಿಲ್ಲ. ತನ್ನ ಕೈ ಬಿಡಿಸಿಕೊಂಡಳು. ಎದುರಿನ ಜೋಳದ ಹೊಲ ನೋಡುತ್ತ ಒಂದೇ ಮಾತು ಕೇಳಿದಳು.

"ಮಣ್ಣು ಮಾಡ್ಯಾರೇನು?"

"ಇಲ್ಲ. ನಿನಗಂತ ಕುಂದ್ರಿಸ್ಯಾರ. ಹೊತ್ತು ಮುಳುಗೂತನಕ ಕಾಯ್ತಾರ."

ಸೂಗಮ್ಮ ಸೂರ್ಯನನ್ನು ನೋಡಿದಳು. ಅದು ಹೊಲದಂಚಿನ ಜಾಲಿಗಿಡಗಳ ತಲೆಗೆ ಬಂದಿತ್ತು.

"ವಜೀರಣ್ಣ," ಎಂದಳು, "ಜಲ್ದಿ ಹೊಡೀರಿ."

ಹುಮನಾಬಾದಿನಿಂದ ಯಾರೂ ಹೇಳಲಾಗದ ಆ ಮಾತನ್ನು ಕೇಳಿದ್ದೇ ತಡ, ವಜೀರ ಬೀಡಿ ಉಗುಳಿ ಜೀಪನ್ನು ಓಡಿಸಿದ. ಸೂಗಮ್ಮ ಮಹಾನಂದಾಳ ಕಡೆ ಮತ್ತೆ ತಿರುಗಲಿಲ್ಲ. ಆದರೆ ಗುಂಡಿಯೊಂದಕ್ಕೆ ಜೀಪು ಎಗರಿದಾಗ ಬೀಳದಂತೆ ಹಿಡಿದದ್ದು ಅವಳ ಭುಜವನ್ನೇ. ಹಿಡಿದ ಕೈ ಊರು ಬರುವವರೆಗೂ ಅಲ್ಲೇ ಇತ್ತು.

*

ಶಾಸ್ತ್ರ ಮಾಡಿಸುವ ಅಯ್ಯನವರು ಕೈಯಲ್ಲಿ ಗಂಟೆ ಹಿಡಿದು ಎದ್ದು ನಿಂತಿದ್ದರು. ಅಂಗಳದಲ್ಲಿ ಬಾಳೆಕಂಬ ಕಟ್ಟಿದ, ಹೆಣ ಹೊರುವ ವಿಮಾನ ಸಿದ್ಧವಾಗಿತ್ತು. ನಾಲ್ವರು ಅದರ ಬಿದಿರನ್ನು ಹೆಗಲಿಗೆತ್ತಿ ಬಾಗಿಲಿನತ್ತ ತರುತ್ತಿದ್ದರು. ಭಜನೆಯವರ ತಾಳ ಜೋರಾಗಿತ್ತು. ಜೀಪು ಕಂಡ ಕೂಡಲೇ ಹೆಂಗಸರು ಓಡಿ ಬಂದರು. ಯಶೋದಾಬಾಯಿ ಸೂಗಮ್ಮನನ್ನು ತಬ್ಬಿ, ರೂಢಿಯಂತೆ, "ಬಾ ಅವ್ವ, ನಿಮ್ಮಪ್ಪಗ..." ಎಂದು ಶುರುಮಾಡಿದಳು.

"ಗೊತ್ತದ," ಎಂದಳು ಸೂಗಮ್ಮ. "ಹಾದಿ ಬಿಡ್ರಿ."

ಹಾದಿ ಬಿಟ್ಟರು. ಅವಳು ಪಡಸಾಲೆ ಹತ್ತಿ ಅಪ್ಪನ ಎದುರಿಗೆ ಕೂತಳು. ಅವನು ಕೂತಿದ್ದ, ಅವಳೂ ಕೂತಳು. ಇಬ್ಬರ ಮುಖಗಳೂ ಒಂದೇ ಸಮಕ್ಕೆ ಬಂದವು. ಅವಳ ಬಾಯಿಂದ ಬರುವ ಅಳುವಿಗೆ ಎಲ್ಲರೂ ಕಾದರು. ಭಜನೆಯವರು ತಾಳ ತಗ್ಗಿಸಿದರು.

"ಅಪ್ಪಾ," ಎಂದಳು ಅವಳು, ಪೇಟೆಯಿಂದ ಬಂದವಳು ಮನೆಯವರೊಡನೆ ಮಾತಾಡುವ ದನಿಯಲ್ಲಿ. "ಬಂದೀನಿ ನೋಡು."

ಆಮೇಲೆ ಹೇಳತೊಡಗಿದಳು. ನಿನ್ನ ಮೊಮ್ಮಗನ್ನ ಸಾಲಿಗೆ ಹಾಕೀವಿ. ಮುಂದಿನ ಎರಡು ಹಲ್ಲು ಬಿದ್ದಾವ, ನಕ್ಕರ ನಿನ್ನ ಹಾಂಗೇ ಕಾಣ್ತಾನ. ಹೋದ ಮಳೆಗಾಲದಾಗ ಹಿಂದಿನ ಗ್ವಾಡಿ ಬಿತ್ತು, ಕಟ್ಟಿಸೀವಿ. ನಿನಗ ಹೇಳಲಿಲ್ಲ. ಅತ್ತಿಯ ಕಣ್ಣಿನ ಆಪರೇಷನ್ ಆತು. ಅದನ್ನೂ ಹೇಳಲಿಲ್ಲ.

ಅಯ್ಯನವರು ಗಂಟೆಯ ನಾಲಗೆಯನ್ನು ಬೆರಳಿನಿಂದ ಹಿಡಿದು ನಿಂತರು. ನಾಗನಾಥ ಪಡುವಣದ ಕಡೆ ಒಮ್ಮೆ ನೋಡಿದ, ಮಹಾನಂದಾಳ ಕಡೆ ನೋಡಿದ, ಆಮೇಲೆ ಹೊತ್ತವರಿಗೆ ತಡೆಯಿರೆಂದು ಕೈಮಾಡಿದ. ಬಿಸಿಲು ಮಾಳಿಗೆಯ ಅಂಚಿನಲ್ಲಿ ಗೆರೆಯಷ್ಟೇ ಉಳಿದಿತ್ತು. ಬಾಗಿಲವರೆಗೆ ಬಂದಿದ್ದ ನಾಲ್ವರು ಸಪ್ಪಳವಾಗದಂತೆ ಬಗ್ಗಿ ಹೆಗಲ ಮೇಲಿನ ವಿಮಾನವನ್ನು ನೆಲಕ್ಕಿಳಿಸಿದರು.