ಹಸಿ ಮುಖ

ಹಳೇ ಮಾರುಕಟ್ಟೆಯ ಹೆಬ್ಬಾಗಿಲ ಮೇಲೆ ನೂರಾರು ವರ್ಷದಿಂದ ನಿಂತಿದ್ದ ಸುಟ್ಟಮಣ್ಣಿನ ಹೆಂಗಸಿನ ಮುಖ ಬಿರುಗಾಳಿಗೆ ಕಳಚಿ ಬಿತ್ತು. ಸೊಂಟದ ಮೇಲಿನ ಕೊಡಕ್ಕೆ ಏನೂ ಆಗಲಿಲ್ಲ, ಕೊಡ ಹಿಡಿದ ಕೈಗೂ ಏನೂ ಆಗಲಿಲ್ಲ. ಮುಖ ಮಾತ್ರ ಬೀದಿಯಲ್ಲಿ ಪುಡಿಪುಡಿಯಾಯಿತು. ಊರವರು ಅವಳನ್ನು ಕಾಯುವಮ್ಮ ಅನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ಇನ್ನೊಬ್ಬನ ಕಡೆ ಕಣ್ಣೆತ್ತಿಯೂ ನೋಡದೆ ಊರಿಗೆಲ್ಲ ನೀರು ಹೊತ್ತಳಂತೆ. ಪಾಪ, ನಿನಗೂ ಅದೇ ಇಷ್ಟವಾಗಿತ್ತೇನಮ್ಮ ಎಂದು ಅವಳನ್ನು ಯಾರಾದರೂ ಕೇಳಿದ್ದರೋ ಇಲ್ಲವೋ ಗೊತ್ತಿಲ್ಲ.

ಅವಳನ್ನು ಸರಿಮಾಡಲು ನಾವು ಕೆಲವರು ಬಿಟ್ಟಿ ದುಡಿಯಲು ಸೇರಿಕೊಂಡೆವು. ರಿಟೈರಾದ ಮೇಷ್ಟ್ರು ಮುಂದಾಳು. ಮುಖ ಮಾಡುವವರು ಹಲ್ಲಿನ ಡಾಕ್ಟರು. ಸಣ್ಣ ಸಣ್ಣ ಸಲಕರಣೆ ಇದ್ದದ್ದು ಅವರ ಹತ್ತಿರ ಮಾತ್ರ. ನಾನು ಹಗಲೆಲ್ಲ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆದು, ಸಂಜೆ ಮೇಷ್ಟ್ರ ಮನೆಯ ಹಿತ್ತಲ ಕೋಣೆಗೆ ಬಂದು ಹಳೇ ಹೆಂಚು ಕುಟ್ಟಿ, ಜರಡಿ ಹಿಡಿದು, ಆ ಪುಡಿ ಬೆರೆಸಿ ಮಣ್ಣು ನಾದುತ್ತಿದ್ದೆ. ಪುಡಿ ಕಡಿಮೆಯಾದರೆ ಮಣ್ಣು ಒಣಗುವಾಗ ಬಿರಿಯುತ್ತದೆ. ಒಳಗೆ ಗಾಳಿ ಉಳಿದರೆ ಸುಡುವ ಗೂಡಿನಲ್ಲಿ ಸಿಡಿಯುತ್ತದೆ.

ಹಳೇ ಫೋಟೋಗಳಲ್ಲಿ ಅವಳ ಮುಖ ಬರೀ ಕಪ್ಪು ಮಚ್ಚೆ. ಹಾಗಾದರೆ ಯಾರ ಮುಖ ನೋಡಿ ಮಾಡುವುದು ಎಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ, ಮೂಲೆಯಲ್ಲಿ ಕೂತು ಜರಡಿಯ ಕಸ ಹೆಕ್ಕುತ್ತಿದ್ದ ನಮ್ಮತ್ತೆ ಬಾಯಿ ಬಿಟ್ಟರು.

"ನಮ್ಮ ಸೊಸೆ ಇಲ್ವಾ? ನನ್ನ ಮಗ ಹೋದ್ಮೇಲೂ ನನ್ನ ಬಿಟ್ಟು ಅಲ್ಲಾಡಿಲ್ಲ."

ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ನನ್ನ ಬಾಯಿಯ ನೀರು ಆರಿತು.

"ಅಯ್ಯೋ, ನಾನು ಬೇಡ ಮೇಷ್ಟ್ರೇ," ಅಂದೆ.

"ನೋಡಿ, ನೋಡಿ! ಎಂಥ ಸಂಕೋಚ!" ಅಂದರು ಅವರು. ಎಲ್ಲರೂ ಮೆಚ್ಚಿ ತಲೆದೂಗಿದರು. ಮಾರನೇ ದಿನ ಸ್ವಲ್ಪ ಗಟ್ಟಿಯಾಗಿಯೇ ಬೇಡ ಎಂದೆ. ನನ್ನ ದೊಡ್ಡತನ ಇನ್ನಷ್ಟು ಬೆಳೆಯಿತು. ಸಿಟ್ಟಿನಿಂದ ಕಿರುಚಿದ್ದರೆ ಪೂಜೆಗೇ ಕೂರಿಸುತ್ತಿದ್ದರೋ ಏನೋ.

ಆಮೇಲೆ ಶುರುವಾಯಿತು ನನ್ನ ಪಾಡು. ತರಕಾರಿ ಅಂಗಡಿಯವನು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಲಾಂಡ್ರಿಯಲ್ಲಿ ಪೋಲಿ ಜೋಕು ಹೇಳಿ ಬಿದ್ದು ಬಿದ್ದು ನಗುವ ಗೆಳತಿಯರು ನಾನು ಒಳಗೆ ಕಾಲಿಟ್ಟೊಡನೆ ಗಪ್‌ಚುಪ್. ಅವುಗಳಲ್ಲಿ ಅರ್ಧ ಜೋಕು ನಾನೇ ಕಲಿಸಿದ್ದು! ಹೂವಿನ ಚಿತ್ರದ ಸೀರೆ ಉಟ್ಟ ದಿನ ಪಕ್ಕದ ಮನೆಯಾಕೆ, "ಇದು ನಿಮಗೆ ಒಪ್ಪಲ್ಲ," ಅಂದಳು.

ಯಾರಿಗೂ ಗೊತ್ತಿಲ್ಲದ್ದು ಒಂದಿತ್ತು. ಆಸ್ಪತ್ರೆಯ ಲಿಫ್ಟ್ ಕೆಟ್ಟಾಗಲೆಲ್ಲ ಬರುವ ಮೆಕ್ಯಾನಿಕ್ ನನ್ನನ್ನು ಮದುವೆಯಾಗುತ್ತೇನೆ ಎಂದಿದ್ದ. ಆ ಲಿಫ್ಟ್ ಈಚೆಗೆ ಬೇಕಂತಲೇ ಕೆಡುತ್ತಿದೆ ಎಂದು ನನಗೆ ಗುಮಾನಿ. ಅವನನ್ನು ನೆನೆದರೆ ನನಗೆ ಖುಷಿಯಾಗುತ್ತದೆ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

"ಆ ಮುಖ ಮೇಲೆ ಏರೋದ್ರೊಳಗೆ ಮನೇಲಿ ಹೇಳಿಬಿಡು," ಎಂದಿದ್ದ ಅವನು. "ಏರಿದ್ಮೇಲೆ ಈ ಊರಲ್ಲಿ ನಿನ್ನ ಕೇಳೋ ಧೈರ್ಯ ನಂಗಿಲ್ಲ."

ಹೇಳಲು ಹೋದಾಗಲೆಲ್ಲ ಅತ್ತೆ ನನ್ನ ತಟ್ಟೆಗೆ ಇನ್ನೊಂದು ತುತ್ತು ಹಾಕುತ್ತಿದ್ದರು. ಕೆಟ್ಟ ಅತ್ತೆಯಾಗಿದ್ದರೆ ಎಂದೋ ಹೇಳಿ ಹೊರಟುಬಿಡುತ್ತಿದ್ದೆ.

ಇವತ್ತು ಸಂಜೆ ಡಾಕ್ಟರು ರೆಪ್ಪೆಗಳನ್ನು ತಿದ್ದಿ ಕೈ ಝಾಡಿಸಿದರು. "ಮುಗೀತು. ನಾಳೆ ಹಿಂದ್ಗಡೆಯಿಂದ ಮಣ್ಣು ಕೆರೆದು ಟೊಳ್ಳು ಮಾಡಿ ಒಣಗೋಕಿಡೋದು. ಆಮೇಲೆ ಗೂಡಿಗೆ. ಒಂದ್ಸಲ ಸುಟ್ರೆ ಆಯ್ತು, ಇನ್ನು ಬ್ರಹ್ಮ ಬಂದ್ರೂ ಬದಲಾಗಲ್ಲ." ಮುಖಕ್ಕೆ ಒದ್ದೆ ಬಟ್ಟೆ ಹೊದಿಸಿ, ಕೈ ತೊಳೆಯಲು ಅವರೂ ಮೇಷ್ಟ್ರೂ ಹಿತ್ತಲ ನಲ್ಲಿಗೆ ಹೋದರು. ಕೋಣೆಯಲ್ಲಿ ಉಳಿದವರು ನಾನು, ಅತ್ತೆ ಮತ್ತು ಮೇಜಿನ ಮೇಲೆ ಮಲಗಿದ್ದ ನಾನು.

ಒದ್ದೆ ಬಟ್ಟೆ ಸರಿಸಿ ನೋಡಿದೆ. ನನ್ನದೇ ಹಣೆ, ನನ್ನದೇ ಗಲ್ಲ. ಸುಟ್ಟಾಗ ಕುಗ್ಗುತ್ತದೆಂದು ಒಂದು ಸುತ್ತು ದೊಡ್ಡದಾಗಿ ಮಾಡಿದ್ದರು. ತುಟಿ ಬಿಗಿಯಾಗಿ ಮುಚ್ಚಿತ್ತು. ನಾನು ಯಾವತ್ತು ಹಾಗೆ ಬಾಯಿ ಮುಚ್ಚಿಕೊಂಡಿದ್ದೆ? ನಾದುವಾಗಲೇ ಒಳಗೊಂದು ಗಾಳಿಗುಳ್ಳೆ ಬಿಟ್ಟಿದ್ದರೆ ಗೂಡಿನಲ್ಲಿ ತಾನಾಗಿ ಸಿಡಿಯುತ್ತಿತ್ತು, ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಆ ಯೋಚನೆ ಬಂದಿತ್ತು. ಕಳ್ಳಕೆಲಸಕ್ಕೆ ಕೈ ಏಳಲಿಲ್ಲ.

ಈಗ ಎದ್ದಿತು. ಎರಡೂ ಹೆಬ್ಬೆರಳನ್ನು ಹಣೆಯ ಮೇಲೆ ಊರಿ ಕೆಳಕ್ಕೆ ಒತ್ತಿದೆ. ಕಣ್ಣುಗಳು ಒಳಗೆ ಹೋದವು. ಹಸಿ ಮಣ್ಣು, ತಡೆಯಲಿಲ್ಲ. ಕೈಗೆ ನೀರು ಸವರಿಕೊಂಡು, ಮಡಚಿ, ಮತ್ತೆ ಒತ್ತಿದೆ. ಅಳುತ್ತಿದ್ದೇನೆಂದು ಮಣ್ಣಿನ ಮೇಲೆ ಹನಿ ಬಿದ್ದಾಗಲೇ ತಿಳಿದದ್ದು.

ಅತ್ತೆ ಕೂಗಿಕೊಳ್ಳಲಿಲ್ಲ. ಜರಡಿಯನ್ನು ಕೆಳಗಿಟ್ಟು ಕೇಳಿದರು, "ಆ ಲಿಫ್ಟಿನವನು ತಾನೇ?"

ನನ್ನ ಕೈ ನಿಂತಿತು. "ನಿಮಗೆ ಯಾವಾಗ ಗೊತ್ತಾಯ್ತು?"

"ಮೊದ್ಲಿಂದ್ಲೂ."

"ಅದಕ್ಕೇನಾ ಅವತ್ತು ನನ್ನ ಮುಖ ತೋರಿಸಿದ್ದು?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಇನ್ನೇನು ಮಾಡ್ಲಿ? ನೀನೂ ಹೋದ್ರೆ ನಾನು ಯಾರ ಮುಖ ನೋಡ್ಕೊಂಡು ಬದುಕ್ಲಿ?"

ಮೈಯೆಲ್ಲ ಉರಿಯಿತು. ಕರುಳೂ ಚುರುಕ್ ಎಂದಿತು. ಮಣ್ಣಿನ ಕೈಯಲ್ಲೇ ಕಣ್ಣೊರೆಸಿಕೊಂಡೆ. ಅತ್ತೆ ಎದ್ದು ಬಂದು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಇಷ್ಟು ವರ್ಷದಲ್ಲಿ ಅವರು ಹಾಗೆ ನೋಡಿದ್ದು ನನಗೆ ನೆನಪಿಲ್ಲ.

ಹೊರಗೆ ಮೇಷ್ಟ್ರ ನಗು ಕೇಳಿಸಿತು. ಇಬ್ಬರೂ ವಾಪಸು ಬರುತ್ತಿದ್ದರು. ಅತ್ತೆ ಸರಸರನೆ ಹೋಗಿ ಬಾಗಿಲು ಹಾಕಿ ಚಿಲಕ ಜಡಿದರು. ಮತ್ತೆ ಬಂದು ಮೇಜಿನ ಮೇಲೆ ಬಗ್ಗಿದರು.

"ಮೂಗು ಇನ್ನೂ ಗುರುತು ಸಿಗ್ತಿದೆ," ಎಂದರು. "ಪೂರ್ತಿ ನಾದು."