ಬೆಳ್ಳಿಯಕ್ಕನ ತಿಂಗಳ ಸೂಜಿ

ಬೆಳ್ಳಿಯಕ್ಕ ನಡೆಯುವಾಗ ಹತ್ತು ಹೆಜ್ಜೆಗೊಮ್ಮೆ ಎಡಭುಜದ ಮೇಲಿಂದ ಹಿಂದಕ್ಕೆ ನೋಡುತ್ತಿದ್ದಳು. ಹಿಂದೆ ಗಂಡನಿದ್ದರೂ ನೋಡುತ್ತಿದ್ದಳು, ಇಲ್ಲದಿದ್ದರೂ ನೋಡುತ್ತಿದ್ದಳು. ತಲೆಯ ಮೇಲೆ ಹುಲ್ಲಿನ ಹೊರೆಯಿದ್ದು ಕತ್ತು ತಿರುಗದಿದ್ದಾಗ ಬಾಗಿಲು ತಿರುಗಿದ ಹಾಗೆ ಇಡೀ ಮೈಯನ್ನೇ ತಿರುಗಿಸಿ ನೋಡಿ, ಮತ್ತೆ ಹೆಜ್ಜೆ ಹಾಕುವಳು. ಕೊಯಮತ್ತೂರು ಸೀಮೆಯ ಸಿರುಮುಗೈಯಲ್ಲಿ ಮಗ್ಗದ ಬೀದಿಯ ಹೆಂಗಸರು ಯಾರಕ್ಕಾ ಹಿಂದೆ, ಹೊಸ ಮಾಪಿಳ್ಳೆಯಾ, ಮದುಮಗನಾ ಎಂದು ಕೆಣಕಿದರೆ, "ಹೊಸಬನೇ. ಹನ್ನೆರಡು ವರ್ಸ ಆಯ್ತು, ಇನ್ನೂ ನಾಚ್ಕೆ ಹೋಗಿಲ್ಲ" ಎಂದು ನಗದೆ ಹೇಳಿ ಮುಂದೆ ಹೋಗುವಳು.

ನನ್ನ ದೊಡ್ಡಮ್ಮನ ಮಗಳು ಅವಳು. ಸೀರೆಯ ಮೇಲೆ ಸದಾ ಗಂಡನ ಖಾಕಿ ಷರಟು. ತೋಟದ ಕೆಲಸಕ್ಕೆ ಹೋಗುವ ನಮ್ಮ ಕಡೆಯ ಹೆಂಗಸರೆಲ್ಲ ಹಾಗೆ ಗಂಡಸರ ಷರಟು ತೊಡುವುದುಂಟು; ಇವಳು ಅದನ್ನು ಮದುವೆಮನೆಗೂ ತೊಟ್ಟು ಬರುತ್ತಿದ್ದಳು. ಅದರ ಜೇಬಿನಲ್ಲಿ ಒಂದು ಚೀಟಿ ಇತ್ತು. ಎಲ್ಲಿ ಯಾವ ಡಾಕ್ಟರು ಎದುರಾಗುತ್ತಾನೋ ಯಾರಿಗೆ ಗೊತ್ತು ಎನ್ನುವುದು ಅವಳ ಲೆಕ್ಕ.

ಗಂಡ ದೇವರಾಜನ್, ನಮ್ಮ ಬಾವ, ಪೆರಿಯನಾಯಕನಪಾಳ್ಯಂನ ಒಂದು ನೂಲಿನ ಗಿರಣಿಯಲ್ಲಿದ್ದವನು. ಮೃದು ಮನುಷ್ಯ. ಯಂತ್ರದ ಸದ್ದಿನೊಳಗಿಂದ ಯಾರೋ ತನ್ನ ಹೆಸರು ಹಿಡಿದು ಬೈಯುತ್ತಾರೆ ಎಂದು ಒಂದು ದಿನ ಕೆಲಸ ಬಿಟ್ಟು ಬಂದ. ಮನೆಯಲ್ಲಿ ಯಂತ್ರವಿರಲಿಲ್ಲ, ಬೈಗುಳ ಮಾತ್ರ ಹಿಂದೆಯೇ ಬಂತು. ದೊಡ್ಡಾಸ್ಪತ್ರೆಯ ಮಾತ್ರೆಯಿಂದ ಆರು ತಿಂಗಳು ಶಾಂತವಾಗಿದ್ದ. ಆಮೇಲೆ ಅದು ವಿಷವೆಂದು ಉಗುಳಿದ. ಆಗ ಬೆಳ್ಳಿಯಕ್ಕ, ಬೇರೆ ಯಾವ ಹೆಂಗಸಾದರೂ ಮಾಡುವುದನ್ನೇ ಮಾಡಿದಳು: ಮಾತ್ರೆಯನ್ನು ಅರೆದು ರಾಗಿಮುದ್ದೆಯಲ್ಲಿ ಕಲಸಿದಳು. ಒಂದು ಮಧ್ಯಾಹ್ನ ಅವನ ನಾಲಗೆಗೆ ಬಿಳಿಯ ಚೂರೊಂದು ಸಿಕ್ಕಿತು. ಅದನ್ನು ಬೆರಳ ತುದಿಯ ಮೇಲಿಟ್ಟು ಅವಳಿಗೆ ತೋರಿಸಿದ, ಕೂಗಾಡಲಿಲ್ಲ, ಎದ್ದು ಕೈ ತೊಳೆದ.

ಅಲ್ಲಿಂದಾಚೆ ಅವನು ಯಾರ ಕೈಯೂ ಒಳಗೆ ಹೋಗಲಾರದ ವಸ್ತುಗಳನ್ನಷ್ಟೇ ತಿನ್ನುತ್ತಿದ್ದ. ತಾನೇ ಸುಲಿದ ಬಾಳೆಹಣ್ಣು, ಚಿಪ್ಪಿನೊಳಗೇ ಬೆಂದ ಮೊಟ್ಟೆ, ತಾನೇ ಒಡೆದ ತೆಂಗಿನಕಾಯಿ. ಹೊಸ್ತಿಲ ಮೇಲೆ ಕೂತು, ಹೆಂಡತಿಯ ಮುಖವನ್ನೇ ನೋಡುತ್ತ ಹಣ್ಣು ಸುಲಿಯುತ್ತಿದ್ದ. ಅವನ ಅಣ್ಣಂದಿರು ಇವಳನ್ನು ತವರಿಗೆ ಹೋಗೆಂದರು. ಅವಳು ಹೋಗಲಿಲ್ಲ. ರೋಗದ ಮಾತನ್ನು ಅವಳು ಹೆಚ್ಚು ಆಡುತ್ತಿರಲಿಲ್ಲ. ಆಡಿದ್ದು ಇಷ್ಟೇ: "ಬೈದ್ರೆ ಬೈಲಿ, ಹೊಡದ್ರೆ ಹೊಡೀಲಿ ತಮ್ಮಾ. ನನ್ ಕೈ ಊಟ ಬ್ಯಾಡ ಅಂತಾರಲ್ಲ, ಅದ್ನ ಹೆಂಗೆ ತಾಳ್ಲಿ?"

ಗಿರಣಿಯ ಔಷಧಾಲಯದ ನರ್ಸು ತಂಗಮ್ಮ ಎಂಬಾಕೆ ಅವಳಿಗೆ ಹೊಸದೊಂದು ಸುದ್ದಿ ಕೊಟ್ಟಳು. ಎಳ್ಳೆಣ್ಣೆಯಲ್ಲಿ ಬೆರೆಸಿದ ಔಷಧಿ ಬಂದಿದೆ, ಒಂದು ಸಲ ಚುಚ್ಚಿದರೆ ಒಂದು ತಿಂಗಳು ಮೈಯಲ್ಲಿ ನಿಧಾನವಾಗಿ ಇಳಿಯುತ್ತದೆ, ಮಾತ್ರೆಯ ಗೋಜಿಲ್ಲ. ಹೆಸರನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟಳು. ಅದೇ ಜೇಬಿನ ಚೀಟಿ. ಆಶ್ಚರ್ಯವೆಂದರೆ ಬಾವ ಒಪ್ಪಿದ. ಸೀಸೆಯನ್ನು ನನ್ನ ಕಣ್ಣೆದುರು ಒಡೆಯಲಿ, ಇವಳು ಮುಟ್ಟದಿರಲಿ, ಹಾಕಿಸಿಕೊಳ್ಳುತ್ತೇನೆ ಎಂದ. ಅದೂ ಬಾಳೆಹಣ್ಣಿನ ಹಾಗೆ ಸಿಪ್ಪೆಯೊಳಗಿನ ಪದಾರ್ಥವಲ್ಲವೆ! ಇನ್ನು ಬೇಕಾದದ್ದು ಚುಚ್ಚುವ ಡಾಕ್ಟರೊಬ್ಬ.

ಅವನು ಸಿಗಲು ವರ್ಷ ಹಿಡಿಯಿತು. ಎಂಬತ್ತಮೂರರಲ್ಲಿ ಹೊರಟವಳು ಮೇಟುಪಾಳ್ಯ, ಕೊಯಮತ್ತೂರು, ಪೀಳಮೇಡು ಎಲ್ಲ ಸುತ್ತಿದಳು. ಯಾವ ಡಾಕ್ಟರ ಮುಂದೆಯೂ ಕೂರುತ್ತಿರಲಿಲ್ಲ. ನಿಂತು, ಮೇಜಿನ ಅಂಚು ಹಿಡಿದು, ಹೆಸರು ಹೇಳುವ ಮೊದಲೇ ತಮಿಳಿನಲ್ಲಿ ಒಂದೇ ಪ್ರಶ್ನೆ: ಮಾಸ ಊಸಿ, ಅಂದರೆ ತಿಂಗಳ ಸೂಜಿ, ಹಾಕುತ್ತೀರಾ? ಇಲ್ಲವೆಂದರೆ ಚೀಟಿ ಮಡಚಿ ಹೊರಟಳು. ಒಬ್ಬ ಅದು ಹುಚ್ಚಾಸ್ಪತ್ರೆಯವರ ಕೆಲಸ ಎಂದ. ಇನ್ನೊಂದು ಕಡೆ ಔಷಧಿಯ ದಾಸ್ತಾನಿಲ್ಲ ಎಂದರು. ಮತ್ತೊಬ್ಬ, ಮೊದಲು ಮಾತ್ರೆ ಸರಿಯಾಗಿ ನುಂಗಲಿ, ಆಮೇಲೆ ನೋಡೋಣ ಎಂದ. ನುಂಗುವುದಿಲ್ಲವೆಂದೇ ತಾನೇ ನಾನು ಬಂದದ್ದು ಎಂದಳು ಇವಳು. ಅವನು ಗಂಟೆ ಬಾರಿಸಿ ಮುಂದಿನವರನ್ನು ಕರೆದ. ಆ ಮಾತು ಕೇಳಿ ನನಗೆ ಏರಿದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಕೊನೆಗೆ ಅವಿನಾಶಿಯಲ್ಲಿ ಒಬ್ಬರಿದ್ದಾರೆಂದು ತಿಳಿಯಿತು. ಬಾವನನ್ನು ಬಿಟ್ಟು ಬರಲಾಗದ ದಿನ; ಚೀಟಿ ಕೊಟ್ಟು ನನ್ನನ್ನು ಕಳಿಸಿದಳು. ಡಾಕ್ಟರು ವಯಸ್ಸಾದವರು, ಚೀಟಿ ಓದಿದರು, ಎಲ್ಲ ಕೇಳಿದರು, ಔಷಧಿ ತರಿಸಿಟ್ಟು ಹಾಕುತ್ತೇನೆ, ದಿನವನ್ನು ಕಂಪೌಂಡರು ಹೇಳುತ್ತಾನೆ ಎಂದರು. ಕಂಪೌಂಡರ್ ಕರುಪ್ಪುಸಾಮಿಯ ಮೇಲೆ ನನಗೆ ಬೆಳಗಿನಿಂದಲೇ ಕೋಪ. ಕಾರಿನಲ್ಲಿ ಬಂದವರನ್ನು ಸಾಲು ಮುರಿದು ಒಳಗೆ ಬಿಟ್ಟಿದ್ದ. ನಾನು ಬೈಯುತ್ತ ಮೆಟ್ಟಿಲಿಳಿಯುವಾಗ ಅವನು ಹಿಂದಿನಿಂದ ಕೂಗಿದ: "ತಿಂಗಳ್ ಕೂಟ್ಟಿಟ್ಟು ವಾಂಗ." ಕರೆದುಕೊಂಡು ಬನ್ನಿ ಎಂದು.

ನಮ್ಮ ಮನೆಮಾತಿನಲ್ಲಿ ತಿಂಗಳೆಂದರೆ ಮೂವತ್ತು ದಿನ. ತಮಿಳಿನಲ್ಲಿ ತಿಂಗಳ್ ಎಂದರೆ ಸೋಮವಾರ. ಇದು ನಮ್ಮ ಊರಿನಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ ವರ್ಷವಿಡೀ ತಿಂಗಳ ಊಸಿ, ತಿಂಗಳ ಊಸಿ ಎಂದು ಅಕ್ಕನ ಬಾಯಿಂದ ಕೇಳಿದ ಕಿವಿ, ಮೇಲೆ ಕೋಪ. ನಿಂತು ಇನ್ನೊಂದು ಮಾತು ಕೇಳಲಿಲ್ಲ. ಒಂದು ತಿಂಗಳು ಬಿಟ್ಟು ಕರೆದುಕೊಂಡು ಬರಬೇಕಂತೆ ಎಂದು ಬಂದು ಅಕ್ಕನಿಗೆ ಹೇಳಿದೆ.

"ಒಂದು ತಿಂಗ್ಳಾ? ನೆಟ್ಟಗೆ ಕೇಳಿದ್ಯಾ ತಮ್ಮಾ?" ಎಂದಳು ಅಕ್ಕ.

"ನನ್ಗೇನು ಕಿವಿ ಇಲ್ವಾ?" ಎಂದೆ.

ಅವಳು ಮತ್ತೆ ಕೇಳಲಿಲ್ಲ. ಊಸಿ ಸಿಕ್ಕಿತಲ್ಲ, ತಿಂಗಳೇನು ದೊಡ್ಡದು ಎಂದು, ಮನೆಯಲ್ಲಿ ಉಳಿದಿದ್ದ ಮಾತ್ರೆಗಳನ್ನೆಲ್ಲ ಸೆರಗಿಗೆ ಸುರಿದುಕೊಂಡು, ಗಂಡನನ್ನು ಭವಾನಿಯ ದಡಕ್ಕೆ ಕರೆದೊಯ್ದು, ಇನ್ನು ಮುದ್ದೆಗೆ ಬೆರೆಸಲು ಏನೂ ಉಳಿಯಲಿಲ್ಲವೆಂದು ಅವನ ಕಣ್ಣೆದುರೇ ಹೊಳೆಗೆ ಕೊಡವಿದಳು. ಅವನು ಬಹಳ ಹೊತ್ತು ನೀರನ್ನು ನೋಡಿದನಂತೆ. ಎರಡು ವಾರ ಏನೂ ಆಗಲಿಲ್ಲ. ಆಮೇಲೊಂದು ಮಧ್ಯಾಹ್ನ, ಬಿಸಿ ಮುದ್ದೆಯ ತಟ್ಟೆಯನ್ನು ತಾನೇ ಎಳೆದುಕೊಂಡು ಕೂತ. ಬೆಳ್ಳಿಯಕ್ಕ ಆ ದಿನ ನಮ್ಮ ಮನೆಗೆ ಬಂದು, ನನ್ನ ಹೆಂಡತಿಯ ಕೈಹಿಡಿದು ಕೂತಿದ್ದು ಹೋದಳು.

ಐದು ದಿನ ಉಂಡ. ಆದರೆ ಒಳಗಿನ ಬೈಗುಳವೂ ಏರುತ್ತಿತ್ತು. ಇಪ್ಪತ್ತೆರಡನೆಯ ದಿನ ಬೆಳಿಗ್ಗೆ, ಶಿಫ್ಟಿಗೆ ಹೊತ್ತಾಯಿತು, ಷರಟು ಕೊಡು, ಡಬ್ಬಿ ಕಟ್ಟು ಎಂದ. ಗಿರಣಿ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅವಳಿಗೆ ಅರ್ಥವಾಗದೆ ಇರಲಿಲ್ಲ. ಡಬ್ಬಿ ಕಟ್ಟು ಎಂದು ಬಾಯಿಬಿಟ್ಟು ಕೇಳಿದವನಿಗೆ ಇಲ್ಲವೆನ್ನಲು ನಾಲಗೆ ಬರಲಿಲ್ಲ. ತೊಟ್ಟ ಷರಟು ಬಿಚ್ಚಿ, ಚೀಟಿ ತೆಗೆದಿಟ್ಟುಕೊಂಡು ಕೊಟ್ಟಳು, ನನ್ನನ್ನು ಹಿಂದೆಯೇ ಹೋಗೆಂದು ಹೇಳಿಕಳಿಸಿದಳು. ನಾನು ಬಸ್ಸಿನ ದಾರಿ ಹಿಡಿದು ಹುಡುಕಿದೆ. ಅವನು ರೈಲಿನ ಹಳಿಯ ಮೇಲೆ ನಡೆದಿದ್ದ. ಕಾರಮಡೈ ದಾಟಿದ ಮೇಲೆ ರೈಲು ಬಂತು.

ರೈಲ್ವೆ ಪೋಲೀಸಿನವನು ಷರಟನ್ನೂ ಡಬ್ಬಿಯನ್ನೂ ಮುಂದಿಟ್ಟಾಗ ಅವಳು ಅಳಲಿಲ್ಲ, ಷರಟಿನ ಕಡೆ ನೋಡಲೂ ಇಲ್ಲ. ಡಬ್ಬಿಯ ಮುಚ್ಚಳ ತೆಗೆದಳು. ಖಾಲಿಯಾಗಿತ್ತು, ಗಿರಣಿಯವರ ಅಭ್ಯಾಸದಂತೆ ಎಲ್ಲೋ ನಲ್ಲಿಯಲ್ಲಿ ತೊಳೆದು ಮುಚ್ಚಿಟ್ಟಿದ್ದ. "ಉಂಡವ್ರೆ" ಎಂದಳು.

ಹದಿನಾರನೆಯ ದಿನದ ಕಾರ್ಯ ಮುಗಿದ ಮೇಲೆ ನಾನು ಜಗಳಕ್ಕೆಂದೇ ಅವಿನಾಶಿಗೆ ಹೋದೆ. ಕರುಪ್ಪುಸಾಮಿ ನನ್ನನ್ನು ಕಂಡೊಡನೆ, ಎಷ್ಟು ಸೋಮವಾರ ಕಾದೆವು, ಡಾಕ್ಟರು ಪ್ರತಿ ಸಲವೂ ಸೀಸೆ ಹೊರಗೆ ತೆಗೆದಿಟ್ಟು ನಿಮ್ಮನ್ನು ಕೇಳಿದರು, ಯಾಕೆ ಬರಲಿಲ್ಲ ಎಂದ. ಜಗಳವಾಡದೆಯೇ ಬಸ್ಸು ಹಿಡಿದೆ. ಬಂದು ಅಕ್ಕನಿಗೆ ಒಂದನ್ನೂ ಮುಚ್ಚದೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ಸೋಮಾರವೇ ಹೋಗಿದ್ರೆ ಬದುಕಿರೋರು" ಎಂದಳು ಮೊದಲು. ಇನ್ನೊಂದು ಕಂತೆ ಸೊಪ್ಪು ಎಳೆದುಕೊಂಡು, "ಆದ್ರೆ ಮಾತ್ರೇನ ನಾನು ಹೊಳೇಗೆ ಹಾಕ್ತಿರ್ಲಿಲ್ಲ, ಅವ್ರು ನನ್ ಕೈಲಿ ಉಣ್ತಿರ್ಲಿಲ್ಲ. ಐದು ದಿನ ಉಂಡ್ರು. ಬುಡು, ತಮ್ಮಾ."

ಅದು ಕ್ಷಮೆಯೋ ಅಲ್ಲವೋ ಕೇಳುವ ಧೈರ್ಯ ನನಗೆ ಬರಲಿಲ್ಲ. ಆಮೇಲೆ ಸುತ್ತಲಿನ ಊರುಗಳಿಂದ ಮಾತ್ರೆ ಉಗುಳುವ ಮಗನಿರುವ, ಗಂಡನಿರುವ ಹೆಂಗಸರು ಅವಳನ್ನು ಕೇಳಿಕೊಂಡು ಬರತೊಡಗಿದರು. ಅವಳು ಅವರನ್ನು ಸೋಮವಾರ ಸೋಮವಾರ ಅವಿನಾಶಿಗೆ ಕರೆದುಕೊಂಡು ಹೋಗುತ್ತಿದ್ದಳು. ನನ್ನನ್ನು ಮಾತ್ರ ಎಂದೂ ಜೊತೆಗೆ ಕರೆಯಲಿಲ್ಲ.

ಇಂಥ ಹೆಂಗಸರನ್ನು ಜನ ಭೂಮಿತೂಕದ ತಾಳ್ಮೆಯವರು ಎಂದು ಹೊಗಳುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಅವರಿಗೆ ಒಂದು ದಿನದ ತಾಳ್ಮೆಯೂ ಇರುವುದಿಲ್ಲ, ಇರುವುದು ಅವಸರ. ಕೂರಲೂ ಒಲ್ಲದ, ಬಾಗಿಲಿಂದ ಬಾಗಿಲಿಗೆ ಓಡುವ ಅವಸರ. ಅವರನ್ನು ಕಾಯಿಸುವವರು ನಾವು. ಕಾಯಿಸಿ, ಅವರು ಬೇರೆ ದಾರಿಯಿಲ್ಲದೆ ಕಾದದ್ದಕ್ಕೆ ತಾಳ್ಮೆ ಎಂದು ಹೆಸರಿಡುವವರೂ ನಾವೇ.